ನಾರ್ವೆಯ ಘಟ್ಟದಲ್ಲಿ ಮನೆಗಾಡಿ: ನಿಮ್ಮ ಪ್ರಶ್ನೆ, ಬಾಗಲಕೋಟೆಯ ಬಸ್ ಚಾಲಕನ ಉತ್ತರ

2023ರ ಜೂನ್ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಮಗಳು, ಅಳಿಯ ನಾಲ್ವರೂ ನಾರ್ವೆಯ ಬರ್ಗನ್ ಊರಿನಲ್ಲಿ ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದು ಹದಿನಾಲ್ಕು ದಿನ ತಿರುಗಿದ ಸಂಗತಿಯನ್ನು ಎರಡು ಸಂಚಿಕೆಗಳ ಹಿಂದೆ ಬರೆದಿದ್ದೆ. ಅದನ್ನು ಓದಿದವರ ಪತ್ರಗಳು ಒಂದು ಚೀಲದ ತುಂಬ ಬಂದಿವೆ. ಮೂವತ್ತೊಂದು ವರ್ಷ ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿದವನಿಗೆ ಪತ್ರ ಬರೆದು ದಾರಿ ಕೇಳುವವರಿದ್ದಾರೆ ಎಂಬುದು ನನಗೆ ದೊಡ್ಡ ಸಂತೋಷ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಹಲವರು ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಮೊದಲು ಎರಡು ಮಾತುಗಳ ಅರ್ಥ. ಬೆಟ್ಟಗಳ ನಡುವೆ ಒಳನಾಡಿನವರೆಗೂ ನುಗ್ಗಿ ಬಂದ ಸಮುದ್ರದ ತೋಳನ್ನು ಅವರು ಫ್ಯೋರ್ಡ್ ಎನ್ನುತ್ತಾರೆ. ಮಲಗಲು ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಒಳಗೇ ಇರುವ ವ್ಯಾನಿಗೆ ಬೂಬಿಲ್ ಎನ್ನುತ್ತಾರೆ. ‘ಬೂ’ ಎಂದರೆ ವಾಸಿಸು, ‘ಬಿಲ್’ ಎಂದರೆ ಕಾರು. ಅದನ್ನೇ ನಾನು ಮನೆಗಾಡಿ ಎಂದು ಕರೆದೆ. ಬನಶಂಕರಿ ಜಾತ್ರೆಗೆ ನಮ್ಮ ಅಜ್ಜ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗಿ, ಎತ್ತು ಬಿಚ್ಚಿ, ಬಂಡಿಯ ಕೆಳಗೇ ಒಲೆ ಹೂಡುತ್ತಿದ್ದ. ಮನೆಗಾಡಿ ಅದೇ ಕುಲದ್ದು.

ಪ್ರಶ್ನೆ: ಕಾಕಾ ಅವರೇ, ನನಗೆ ಎಂಟು ದಿನ ರಜೆ ಸಿಗುತ್ತದೆ. ಓಸ್ಲೋದಲ್ಲಿ ಮನೆಗಾಡಿ ಹಿಡಿದು ಉತ್ತರದ ತುದಿಯ ನಾರ್ಡ್‌ಕಾಪ್ ನೋಡಿಕೊಂಡು, ಬರುವಾಗ ಫ್ಯೋರ್ಡುಗಳನ್ನೆಲ್ಲ ಮುಗಿಸಬಹುದೇ?
(ಒಬ್ಬ ಯುವ ಓದುಗ, ಗೋಕಾಕ)

ಉತ್ತರ: ಬೇಡ ತಮ್ಮಾ. ಓಸ್ಲೋದಿಂದ ನಾರ್ಡ್‌ಕಾಪಿಗೆ ಹೋಗುವುದೇ ಎರಡು ಸಾವಿರ ಕಿಲೋಮೀಟರಿನ ಆಸುಪಾಸು. ಎಂಟೂ ದಿನ ನೀನು ಸ್ಟೇರಿಂಗ್ ಹಿಡಿದು ಕೂತಿರುತ್ತೀಯ, ಮನೆಯವರು ಹಿಂದೆ ನಿದ್ದೆ ಮಾಡುತ್ತಿರುತ್ತಾರೆ. ‘ಮುಗಿಸಬಹುದೇ’ ಎಂದು ಕೇಳಿದ್ದೀಯಲ್ಲ, ಆ ಮಾತು ನನಗೆ ಚುಚ್ಚಿತು. ನನ್ನ ನೌಕರಿಯ ಉದ್ದಕ್ಕೂ ನಾನು ಮಾಡಿದ್ದು ಅದನ್ನೇ. ಇಷ್ಟು ಗಂಟೆಗೆ ಹೊರಡು, ಇಷ್ಟು ಗಂಟೆಗೆ ಮುಟ್ಟು, ಟ್ರಿಪ್ ಮುಗಿಸು. ಬಾದಾಮಿಯ ಗುಡ್ಡದ ಕೆಳಗೆ ಸಾವಿರಾರು ಸಲ ಹಾದುಹೋಗಿದ್ದೇನೆ. ನಿಂತು ನೋಡಿದ್ದು ನಿವೃತ್ತಿಯಾದ ಮೇಲೆ. ಮನೆಗಾಡಿಯ ದೊಡ್ಡ ಗುಣವೆಂದರೆ ಅದನ್ನು ಮನಸ್ಸಾದಾಗ ನಿಲ್ಲಿಸಬಹುದು. ನಿಲ್ಲಿಸದವನಿಗೆ ಆ ಗಾಡಿ ಏತಕ್ಕೆ? ಕಾರು ಸಾಕು.

ನಾವು ಹದಿನಾಲ್ಕು ದಿನದಲ್ಲಿ ಓಡಿಸಿದ್ದು ಸಾವಿರದ ಮುನ್ನೂರು ಕಿಲೋಮೀಟರಿನ ಒಳಗೆ. ಬರ್ಗನ್ ಬಿಟ್ಟು ವೊಸ್, ಅಲ್ಲಿಂದ ಹಾರ್ಡಾಂಗರ್ ಫ್ಯೋರ್ಡಿನ ತೂಗುಸೇತುವೆ. 2013ರಲ್ಲಿ ತೆರೆದ ಆ ಸೇತುವೆಯ ನಡುವಿನ ಹರವೇ 1310 ಮೀಟರ್. ಎರಡೂ ತುದಿಯಲ್ಲಿ ರಸ್ತೆ ನೇರವಾಗಿ ಬೆಟ್ಟದ ಹೊಟ್ಟೆಯೊಳಗೆ ನುಗ್ಗುತ್ತದೆ, ಸುರಂಗದ ಒಳಗೇ ರಸ್ತೆಗಳು ಕೂಡುವ, ನೀಲಿ ಬೆಳಕಿನ ಒಂದು ವೃತ್ತವಿದೆ. ಅದನ್ನು ದಾಟಿ ಐಡ್‌ಫ್ಯೋರ್ಡಿನ ಮೇಲಿರುವ ವೋರಿಂಗ್ಸ್‌ಫೊಸ್ಸೆನ್ ಜಲಪಾತಕ್ಕೆ ಹೋದೆವು. ನೀನು ಗೋಕಾಕಿನವನಾದ್ದರಿಂದ ಹೇಳುತ್ತೇನೆ. ನಮ್ಮ ಘಟಪ್ರಭೆ ಧುಮುಕುವುದು 52 ಮೀಟರ್, ಅದು 182 ಮೀಟರ್. ಆದರೂ ಶ್ರಾವಣದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತರೆ ಕಾಲ ಕೆಳಗಿನ ಹಲಗೆ ನಡುಗುತ್ತದಲ್ಲ, ಕೆಂಪು ನೀರಿನ ಆ ಅಗಲ ಅಲ್ಲಿಲ್ಲ. ಅಲ್ಲಿ ನೀರು ಬೆಳ್ಳಗೆ, ತೆಳ್ಳಗೆ, ಬೀಳುತ್ತಲೇ ಹೊಗೆಯಾಗುತ್ತದೆ.

ಮುಂದೆ ಫ್ಲೋಮ್, ಔರ್ಲಾಂಡ್, ಬೆಟ್ಟದ ಮೇಲಿನ ಹಿಮದ ದಾರಿ, ಲಾರ್ಡಾಲ್, ಗಾಡಿಗಳನ್ನೇ ಹೇರಿಕೊಂಡು ನೀರು ದಾಟಿಸುವ ಒಂದು ಫೆರಿ, ಸೊಗ್ನೆಫ್ಯೆಲ್ಲೆಟ್ ಘಟ್ಟ, ಲೋಮ್, ಗೈರಾಂಗರ್, ಟ್ರೋಲ್‌ಸ್ಟೀಗನ್, ಕೊನೆಗೆ ಅಟ್ಲಾಂಟಿಕ್ ರಸ್ತೆ. ಸೊಗ್ನೆಫ್ಯೆಲ್ಲೆಟ್ 1434 ಮೀಟರ್ ಎತ್ತರದ್ದು, ಜೂನಿನಲ್ಲೂ ರಸ್ತೆಯ ಎರಡೂ ಬದಿಗೆ ಹಿಮದ ಗೋಡೆ ಇತ್ತು. ಅಟ್ಲಾಂಟಿಕ್ ರಸ್ತೆಗಾಗಿ ನೀನು ಅಷ್ಟು ದೂರ ಹೋಗಬೇಕಿಲ್ಲ. ಎಂಟು ಕಿಲೋಮೀಟರ್ ಚಿಲ್ಲರೆ, ಎಂಟು ಸೇತುವೆ. ನಾವು ಹೋದ ದಿನ ಸಮುದ್ರ ತಣ್ಣಗಿತ್ತು, ಇಪ್ಪತ್ತು ನಿಮಿಷದಲ್ಲಿ ಎಲ್ಲ ಆಗಿಹೋಯಿತು. ನಿನ್ನ ಎಂಟು ದಿನಕ್ಕೆ ಬರ್ಗನ್, ಹಾರ್ಡಾಂಗರ್, ಔರ್ಲಾಂಡ್, ಲಾರ್ಡಾಲ್ ಇಷ್ಟೇ ಸಾಕು. ದಿನಕ್ಕೆ ನೂರು ಕಿಲೋಮೀಟರ್ ದಾಟಬೇಡ. ನಕ್ಷೆಯಲ್ಲಿ ಕಾಣುವ ನೂರು ಕಿಲೋಮೀಟರಿನೊಳಗೆ ಸುರಂಗ, ಫೆರಿ, ಕುರಿ, ತಿರುವು ಎಲ್ಲ ಬರುತ್ತವೆ.

ಪ್ರಶ್ನೆ: ಅಣ್ಣಾವರೇ, ನಾನು ವ್ಯಾಪಾರದ ಮೇಲೆ ತಿಂಗಳಿಗೆ ನಾಲ್ಕು ಸಲ ಚೋರ್ಲಾ ಘಟ್ಟ ಇಳಿಯುವವನು. ನಾರ್ವೆಯ ಘಟ್ಟಗಳು ಅದಕ್ಕಿಂತ ಕಷ್ಟವೇ? ಅಷ್ಟು ದೊಡ್ಡ ಗಾಡಿ ನಮ್ಮಂಥವರ ಕೈಗೆ ಬಗ್ಗುತ್ತದೆಯೇ?
(ಓದುಗರೊಬ್ಬರು, ಶಹಾಪುರ, ಬೆಳಗಾವಿ)

ಉತ್ತರ: ಚೋರ್ಲಾ ಇಳಿದವರಿಗೆ ತಿರುವಿನ ಭಯವಿಲ್ಲ. ಅಭ್ಯಾಸವಾಗಬೇಕಾದದ್ದು ಬೇರೆ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕಿದೆ, ಗೇರು ಬಲಗೈಗೆ. ಮೊದಲ ದಿನ ಪ್ರತಿ ಸಲ ಗೇರು ಬದಲಿಸುವಾಗಲೂ ನನ್ನ ಎಡಗೈ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಆದ್ದರಿಂದ ಬಾಡಿಗೆಯವರ ಅಂಗಳದಿಂದ ನೇರವಾಗಿ ಹೆದ್ದಾರಿಗೆ ಇಳಿಯಬೇಡಿ. ಯಾವುದಾದರೂ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಸುತ್ತು ಹಾಕಿ, ಹಿಂದಕ್ಕೆ ತೆಗೆದು ನೋಡಿ. ಹಿಂದಿನ ಚಕ್ರದ ಆಚೆಗೆ ಗಾಡಿಯ ಬಾಲ ಒಂದೂವರೆ ಮೀಟರಿಗೂ ಹೆಚ್ಚು ಚಾಚಿಕೊಂಡಿರುತ್ತದೆ. ತಿರುಗಿಸುವಾಗ ಆ ಬಾಲ ಎದುರು ಬದಿಗೆ ಬೀಸುತ್ತದೆ, ಫೆರಿಯ ಇಳಿಜಾರಿನಲ್ಲಿ ನೆಲಕ್ಕೆ ತಾಗುತ್ತದೆ. ಬಸ್ಸಿನವರಿಗೆ ಇದು ಗೊತ್ತು, ಕಾರಿನವರಿಗೆ ಗೊತ್ತಿರುವುದಿಲ್ಲ. ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ಸುರಂಗದ ಬಾಯಲ್ಲಿ ಫಲಕ ಕಂಡಾಗ ಲೆಕ್ಕ ಹಾಕಲು ಪುರಸೊತ್ತಿರುವುದಿಲ್ಲ.

ಗೈರಾಂಗರಿನಿಂದ ಮೇಲೇರುವ ಹದ್ದಿನ ದಾರಿಯಲ್ಲಿ ಹನ್ನೊಂದು ಹಿಮ್ಮುರಿ ತಿರುವುಗಳಿವೆ. 1936ರಲ್ಲಿ ತೆರೆದ ಟ್ರೋಲ್‌ಸ್ಟೀಗನ್ ಘಟ್ಟದಲ್ಲಿಯೂ ಹನ್ನೊಂದೇ. ಏರಿದ ಗೇರಿನಲ್ಲೇ ಇಳಿಯಬೇಕು ಎಂಬ ನಮ್ಮ ಹಳೆಯ ಮೇಸ್ತ್ರಿಗಳ ಮಾತು ಅಲ್ಲಿಯೂ ಸತ್ಯ. ನಮ್ಮ ಮುಂದೆ ಒಂದು ಕಾರು ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿಯುತ್ತಿತ್ತು. ಲೈನರ್ ಸುಟ್ಟ ವಾಸನೆ ನನ್ನ ಮೂಗಿಗೆ ಬಂದ ತಕ್ಷಣ ನಾನು ಗಾಡಿ ಬದಿಗೆ ಹಾಕಿ ಹತ್ತು ನಿಮಿಷ ಕಾದೆ. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಚಳಿಗಾಲದಲ್ಲಿ ಈ ಘಟ್ಟಗಳನ್ನು ಮುಚ್ಚುತ್ತಾರೆ, 2024ರ ಬೇಸಿಗೆಯಲ್ಲಿ ಕಲ್ಲು ಉರುಳಿದ್ದರಿಂದ ಟ್ರೋಲ್‌ಸ್ಟೀಗನ್ ಮುಚ್ಚಿತ್ತು.

ನಿಜವಾದ ಕಷ್ಟ ರಸ್ತೆಯ ಅಗಲದ್ದು. ಔರ್ಲಾಂಡಿನಿಂದ ಸ್ಟೇಗಸ್ಟೈನ್ ಎಂಬ ನೋಟದ ಕಟ್ಟೆಗೆ ಏರುವ ದಾರಿ ನಮ್ಮ ಹೊಲದ ರಸ್ತೆಯಷ್ಟೇ ಇದೆ. ಕಟ್ಟೆ ಇರುವುದು ಫ್ಯೋರ್ಡಿನಿಂದ 650 ಮೀಟರ್ ಮೇಲೆ. ಅರ್ಧ ಏರಿದ್ದೆವು, ತಿರುವಿನಿಂದ ಒಂದು ಪ್ರವಾಸಿ ಬಸ್ಸು ಇಳಿದು ಬಂತು. ನನ್ನ ಬಲಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಗಾಳಿ. ಏರುವವನಿಗೆ ಇಳಿಯುವವನು ದಾರಿ ಬಿಡಬೇಕೆಂಬುದು ನಮ್ಮ ಘಟ್ಟದ ಪದ್ಧತಿ. ಆದರೆ ಅಲ್ಲಲ್ಲಿ ‘ಎಮ್’ ಎಂದು ಬರೆದ ನೀಲಿ ಫಲಕವಿರುತ್ತದೆ. ಎದುರುಬದುರಾದವರು ಸರಿದುಕೊಳ್ಳುವ ಜಾಗ ಅದು. ಅಂಥದೊಂದನ್ನು ನಾನು ಮೂವತ್ತು ಮೀಟರ್ ಹಿಂದೆಯಷ್ಟೇ ದಾಟಿದ್ದೆ. ಬಸ್ಸಿನ ತುಂಬ ಜನ. ಹಿಂದೆ ಹೋಗಬೇಕಾದವನು ನಾನೇ ಎಂದು ತೀರ್ಮಾನಿಸಿದೆ.

ಮಗಳು ಕೆಳಗಿಳಿದು ಹಿಂದೆ ನಿಂತಳು. ಚಿಕ್ಕವಳಿದ್ದಾಗ ಶಾಲೆಯ ರಜೆಯಲ್ಲಿ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದವಳು ಅವಳು. ‘ಬರಲಿ… ಬರಲಿ… ಎಡಕ್ಕೆ… ಬರಲಿ… ಹೋಲ್ಡಾನ್!’ ಎಂದು ಕಂಡಕ್ಟರನ ದನಿಯಲ್ಲೇ ಕೂಗಿದಳು. ಗಾಡಿ ಆ ಜಾಗದಲ್ಲಿ ಹೋಗಿ ಕೂತಿತು. ಬಸ್ಸು ಕನ್ನಡಿಗೆ ಅಂಗೈ ಅಗಲ ಬಿಟ್ಟು ನಿಧಾನವಾಗಿ ದಾಟಿತು. ಅದರ ಚಾಲಕ, ಬಿಳಿ ಗಡ್ಡದವನು, ಕಿಟಕಿಯ ಗಾಜು ಇಳಿಸಿ ನನ್ನನ್ನು ಒಂದು ಕ್ಷಣ ನೋಡಿ ಎರಡು ಬೆರಳನ್ನು ಹಣೆಗೆ ಮುಟ್ಟಿಸಿದ. ನಮ್ಮ ಕಡೆ ಎದುರು ಬಸ್ಸಿನವನಿಗೆ ನಾವು ಮಾಡುವುದೂ ಅದನ್ನೇ. ನಾನೂ ಹಣೆ ಮುಟ್ಟಿಕೊಂಡೆ. ಹದಿನಾಲ್ಕು ದಿನದಲ್ಲಿ ನನಗೆ ಅತಿ ಹೆಚ್ಚು ನೆನಪಾಗುವುದು ಅವನ ಮುಖ.

ಅಂಜುವವರು ಆ ಬೆಟ್ಟ ಏರಲೇಬೇಕೆಂದಿಲ್ಲ. ಅದರ ಕೆಳಗೇ 2000ದಲ್ಲಿ ತೆರೆದ ಲಾರ್ಡಾಲ್ ಸುರಂಗವಿದೆ. 24.5 ಕಿಲೋಮೀಟರ್, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಓಡಿಸುವವನಿಗೆ ತೂಕಡಿಕೆ ಬರಬಾರದೆಂದು ಆರಾರು ಕಿಲೋಮೀಟರಿಗೊಂದರಂತೆ ಮೂರು ಕಡೆ ಗುಹೆಯಷ್ಟು ಅಗಲ ಮಾಡಿ ನಸುಕಿನಂಥ ಬೆಳಕು ಇಟ್ಟಿದ್ದಾರೆ.

ಇನ್ನೊಂದು ಮಾತು. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು, ಹಾರ್ನ್ ಯಾರೂ ಬಾರಿಸುವುದಿಲ್ಲ. ಕುಡಿದು ಓಡಿಸುವವರಿಗೆ ಅಲ್ಲಿ ಕ್ಷಮೆ ಇಲ್ಲ. ನಮ್ಮಲ್ಲಿ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮಿತಿ, ಅಲ್ಲಿ 20. ಒಂದು ಗುಟುಕೂ ಬೇಡ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?
(ಜಮಖಂಡಿ, ಇಳಕಲ್, ಸಿಂದಗಿ, ಇನ್ನೂ ಹಲವರು)

ಉತ್ತರ: ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೋಗಿ, ಬಾಡಿಗೆಯವರು ಕೇಳುತ್ತಾರೆ. ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಆಗುತ್ತದೆ: ನಮೂನೆ 4ಎ, ಪಾಸ್‌ಪೋರ್ಟ್ ಬೇಕು. ಅವಧಿ ಒಂದು ವರ್ಷ. ಕಾರಿನ ಲೈಸೆನ್ಸಿನವರು 3500 ಕಿಲೋಗ್ರಾಂ ಒಳಗಿನ ಗಾಡಿಯನ್ನೇ ಆರಿಸಿಕೊಳ್ಳಬೇಕು. ಆ ತೂಕದಲ್ಲಿ ನೀರು, ಸಾಮಾನು, ಜನ ಎಲ್ಲ ಸೇರಿದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಅಣ್ಣಾವರೇ, ಊಟಕ್ಕೆ ಏನು ಮಾಡಿದಿರಿ? ನಮ್ಮ ಮನೆಯವರಿಗೆ ರೊಟ್ಟಿ ಇಲ್ಲದೆ ಒಂದು ಹೊತ್ತೂ ಆಗುವುದಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಡಿಗೆ ಹೇಗೆ?
(ಗೃಹಿಣಿಯೊಬ್ಬರು, ವಿಜಯಪುರ)

ಉತ್ತರ: ತಂಗಿ, ಇದಕ್ಕೆ ನನ್ನ ಹೆಂಡತಿ ಹೇಳಿದ್ದನ್ನೇ ಬರೆಯುತ್ತೇನೆ. ಎಪ್ಪತ್ತು ಖಡಕ್ ಜೋಳದ ರೊಟ್ಟಿಗಳನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು ಒಯ್ದಳು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಒಂದೊಂದು ಪೊಟ್ಟಣ. ಹಾಲಿನ ಪದಾರ್ಥ, ಮಾಂಸ, ಆಲೂಗಡ್ಡೆ ಇವನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ. ಮಗಳಿಗೆಂದು ಬೆಳಗಾವಿಯ ಕುಂದಾ ಕೊಂಡಿಟ್ಟಿದ್ದಳು, ಅದನ್ನು ಊರಲ್ಲೇ ಬಿಟ್ಟು ಹೋಗುವಾಗ ಕಣ್ಣು ಒದ್ದೆ ಮಾಡಿಕೊಂಡಳು. ಮೊಸರು, ಆಲೂಗಡ್ಡೆ, ಉಳ್ಳಾಗಡ್ಡಿ ಎಲ್ಲ ಅಲ್ಲಿಯೇ ಸಿಗುತ್ತವೆ. ಬೆಲೆ ನಮ್ಮ ಎದೆ ಒಡೆಯುವಷ್ಟಿದೆ, ನಾವು ಹೋದಾಗ ಅಲ್ಲಿಯ ಒಂದು ಕ್ರೋನಿಗೆ ಸುಮಾರು ಎಂಟು ರೂಪಾಯಿ ಇತ್ತು. ಒಂದು ಸಲವೂ ಹೋಟೆಲಿನಲ್ಲಿ ಉಣ್ಣಲಿಲ್ಲ ಎಂಬುದರಿಂದಲೇ ನಮ್ಮ ಪ್ರವಾಸ ಸಾಧ್ಯವಾಯಿತು.

ಅಡಿಗೆಗೆ ಎರಡು ಉರಿಯ ಗ್ಯಾಸ್ ಒಲೆ ಇರುತ್ತದೆ. ಬೇಳೆ, ಅನ್ನ, ಪಲ್ಯ ಧಾರಾಳವಾಗಿ ಆಗುತ್ತದೆ. ಒಗ್ಗರಣೆ ಹಾಕುವಾಗ ಮೇಲಿನ ಕಿಂಡಿ ತೆರೆಯಿರಿ, ಇಲ್ಲವಾದರೆ ಹಾಸಿಗೆಗೆಲ್ಲ ವಾಸನೆ ಹಿಡಿಯುತ್ತದೆ.

ಹೊರಡುವ ಮುನ್ನ ಮನೆ ಕಟ್ಟುವ ಕೆಲಸವೊಂದಿದೆ. ಗ್ಯಾಸ್ ಬಂದ್, ಕಿಂಡಿ ಬಂದ್, ಕರೆಂಟಿನ ಕೇಬಲ್ ಒಳಗೆ, ಮೆಟ್ಟಿಲು ಮಡಚಿತು, ಕಪಾಟುಗಳ ಚಿಲಕ ಬಿತ್ತು. ಇದನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು. ಎರಡನೆಯ ದಿನ ನಾನು ಆತುರ ಮಾಡಿದೆ. ವೊಸ್ ಊರಿನ ವೃತ್ತದಲ್ಲಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಮೊಸರಿನ ಡಬ್ಬಿ ಉರುಳಿತು. ಹೆಂಡತಿ ಮೊಣಕಾಲೂರಿ ಕುಳಿತು ಚಾಪೆಯ ಎಳೆ ಎಳೆಯಿಂದ ಮೊಸರು ಒರೆಸುವುದನ್ನು ನೋಡಿದ ಮೇಲೆ ಮತ್ತೆಂದೂ ಆ ಪಟ್ಟಿ ತಪ್ಪಿಸಲಿಲ್ಲ.

ಪ್ರಶ್ನೆ: ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಎನ್ನುತ್ತಾರೆ. ನಿಜವೇ? ಮತ್ತೆ ಶೌಚಾಲಯದ ವ್ಯವಸ್ಥೆ?
(ನಿವೃತ್ತ ಶಿಕ್ಷಕರೊಬ್ಬರು, ಬೈಲಹೊಂಗಲ)

ಉತ್ತರ: ಗುರುಗಳೇ, ಅರ್ಧ ನಿಜ. ಬಯಲು, ಕಾಡು, ಬೆಟ್ಟದಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಗುಡಾರ ಹೂಡಬಹುದು ಎಂಬ ಅವರ ಹಳೆಯ ರೂಢಿಗೆ 1957ರಲ್ಲಿ ಕಾಯಿದೆಯ ಬಲ ಬಂತು. ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು. ಆದರೆ ಅದು ಕಾಲುನಡಿಗೆಯವರಿಗೆ. ಗಾಡಿಯನ್ನು ಹುಲ್ಲುಗಾವಲಿಗೆ ಇಳಿಸುವಂತಿಲ್ಲ, ನಿಲುಗಡೆಗೆ ಅನುಮತಿ ಇರುವಲ್ಲೇ ನಿಲ್ಲಿಸಬೇಕು. ಒಂದು ರಾತ್ರಿ ಹೊರಗೆ, ಒಂದು ರಾತ್ರಿ ಕ್ಯಾಂಪಿಂಗ್ ಜಾಗದಲ್ಲಿ ಎಂದು ನಾವು ನಿಯಮ ಮಾಡಿಕೊಂಡೆವು. ಅಲ್ಲಿ ಸ್ನಾನ, ಕರೆಂಟು, ಬಟ್ಟೆ ಒಗೆಯುವ ಯಂತ್ರ ಎಲ್ಲ ಇರುತ್ತವೆ, ನಾವು ಕೊಟ್ಟದ್ದು ರಾತ್ರಿಗೆ 300ರಿಂದ 450 ಕ್ರೋನ್.

ಶೌಚಾಲಯದ ಕೆಳಗೆ ಚಕ್ರವಿರುವ ಪೆಟ್ಟಿಗೆಯೊಂದು ಇರುತ್ತದೆ. ಎರಡು ದಿನಕ್ಕೊಮ್ಮೆ ಅದನ್ನು ಎಳೆದುಕೊಂಡು ಹೋಗಿ ನಿಗದಿಯಾದ ಜಾಗದಲ್ಲಿ ಬರಿದು ಮಾಡಿ ತೊಳೆಯಬೇಕು. ನಾವು ಪಾಳಿ ಹಚ್ಚಿಕೊಂಡಿದ್ದೆವು, ಮೊದಲ ಪಾಳಿ ನನ್ನದು. ಬಳಸಿದ ನೀರನ್ನೂ ಹಾಗೆಯೇ, ರಸ್ತೆ ಬದಿಗೆ ಬಿಡುವಂತಿಲ್ಲ. ದಯವಿಟ್ಟು ಈ ಒಂದು ವಿಷಯದಲ್ಲಿ ನಮ್ಮವರು ಸೋಲಬಾರದು. ಅಲ್ಲಿಯ ಹೊಳೆ, ಕೆರೆಯ ನೀರೇ ಅವರ ನಲ್ಲಿಗೆ ಬರುತ್ತದೆ, ಅದನ್ನು ಅವರು ಹಾಗೆಯೇ ಹಿಡಿದು ಕುಡಿಯುತ್ತಾರೆ.

ಪ್ರಶ್ನೆ: ಸೂರ್ಯ ಮುಳುಗದ ನಾಡಿನಲ್ಲಿ ಸಂಜೆಯ ದೀಪ ಹಚ್ಚುವುದು ಯಾವಾಗ?
(ಓದುಗರೊಬ್ಬರು, ಕೂಡಲಸಂಗಮ)

ಉತ್ತರ: ಸೂರ್ಯ ಮುಳುಗದಿರುವುದು ಇನ್ನೂ ಬಹಳ ಉತ್ತರಕ್ಕೆ. ಬರ್ಗನ್ ಕಡೆ ಜೂನಿನಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಮುಳುಗಿ ನಾಲ್ಕರ ಸುಮಾರಿಗೆ ಏಳುತ್ತಾನೆ, ನಡುವೆಯೂ ಪೂರ್ತಿ ಕತ್ತಲಿಲ್ಲ. ಗಾಡಿಯಲ್ಲಿ ಎಣ್ಣೆಯ ದೀಪ ಹಚ್ಚಬಾರದು. ನಮ್ಮೂರಿನ ಗಡಿಯಾರದಲ್ಲಿ ಸಂಜೆ ಆರೂವರೆಯಾದಾಗ, ಅಂದರೆ ಅಲ್ಲಿಯ ಮಧ್ಯಾಹ್ನ ಮೂರಕ್ಕೆ, ನನ್ನ ಹೆಂಡತಿ ಎಲ್ಲಿದ್ದರೂ ಗಾಡಿ ನಿಲ್ಲಿಸಲು ಹೇಳಿ ಕೈಮುಗಿಯುತ್ತಿದ್ದಳು. ಊರಲ್ಲಿ ನಾದಿನಿ ದೀಪ ಹಚ್ಚುವ ಹೊತ್ತು ಅದು.

ಪ್ರಶ್ನೆ: ನಾನೂ ಮುಳುಗಡೆಯ ಹಳೇ ಬಾಗಲಕೋಟೆಯವಳು. ಫ್ಯೋರ್ಡಿನ ಚಿತ್ರ ನೋಡಿದಾಗ ನನಗೆ ನಮ್ಮ ಹಿನ್ನೀರೇ ಕಂಡಿತು. ಆ ನೀರಿನ ಕೆಳಗೂ ಊರುಗಳಿವೆಯೇ? ಅದು ಸಿಹಿ ನೀರೇ?
(ಹಿರಿಯ ಓದುಗರೊಬ್ಬರು, ನವನಗರ, ಬಾಗಲಕೋಟೆ)

ಉತ್ತರ: ಅಕ್ಕಾವರೇ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮೊದಲ ಸಲ ಫ್ಯೋರ್ಡ್ ಕಂಡಾಗ ನನಗೂ ಹಾಗೆಯೇ ಆಯಿತು. ಎರಡೂ ಕಣಿವೆಯಲ್ಲಿ ತುಂಬಿದ ನೀರೇ. ನಮ್ಮಲ್ಲಿ ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ್ದರಿಂದ ತುಂಬಿತು. ಅಲ್ಲಿ ಹಿಮಯುಗದ ನೀರ್ಗಲ್ಲಿನ ನದಿಗಳು ಲಕ್ಷಾಂತರ ವರ್ಷ ಬೆಟ್ಟವನ್ನು ಉಜ್ಜುತ್ತ ಕಣಿವೆ ಕೊರೆದವು, ಹಿಮ ಕರಗಿ ಹಿಂದೆ ಸರಿದಾಗ ಸಮುದ್ರ ಒಳಗೆ ಬಂತು. ಸೊಗ್ನೆಫ್ಯೋರ್ಡ್ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಒಳಗೆ ಬಂದಿದೆ. ಅತಿ ಆಳದಲ್ಲಿ 1300 ಮೀಟರ್; ನಮ್ಮ ಗೋಳಗುಮ್ಮಟವನ್ನು ಒಂದರ ಮೇಲೊಂದರಂತೆ ಇಪ್ಪತ್ತೈದು ಸಲ ಇಟ್ಟರೆ ನೀರಿನ ಮಟ್ಟಕ್ಕೆ ಬರುತ್ತದೆ. ಆಶ್ಚರ್ಯವೆಂದರೆ ಸಮುದ್ರಕ್ಕೆ ಸೇರುವ ಬಾಯಲ್ಲಿ ಆಳ ನೂರು ಮೀಟರಿನ ಸುಮಾರಿಗೆ ಇಳಿಯುತ್ತದೆ. ಒಳನಾಡಿನಲ್ಲಿ ಹಿಮ ದಪ್ಪವಿತ್ತು, ಹೆಚ್ಚು ಕೊರೆಯಿತು. ಕಡಲಿನ ಹತ್ತಿರ ತೆಳುವಾಗಿ ಶಕ್ತಿ ಕಳೆದುಕೊಂಡಿತು. ಮನೆಯ ಹೊಸ್ತಿಲಿನ ಹಾಗೆ ಒಂದು ದಿಣ್ಣೆ ಉಳಿಯಿತು.

ಊರುಗಳು ಆ ನೀರಿನ ಕೆಳಗಿಲ್ಲ. ಆದರೆ ಬಿಟ್ಟುಹೋದ ಮನೆಗಳಿವೆ. ಗೈರಾಂಗರಿನಲ್ಲಿ ಗಾಡಿ ನಿಲ್ಲಿಸಿ ದೋಣಿ ಹತ್ತಿದೆವು. ಗೋಡೆಯಂಥ ಬೆಟ್ಟದ ನಡುವೆ, ಕೈಯಗಲದ ಹಸಿರಿನಲ್ಲಿ ಒಂದೆರಡು ಮರದ ಮನೆಗಳು. ಸ್ಕಾಗೆಫ್ಲೋ ಎಂಬ ಆ ಹೊಲಮನೆಯನ್ನು 1916ರಲ್ಲಿ ಬಿಟ್ಟುಹೋದರಂತೆ. ಎದುರಿನ ಏಳು ಅಕ್ಕತಂಗಿಯರ ಜಲಪಾತದ ಬಳಿಯೂ ಅಂಥದೇ ಒಂದಿದೆ, ಮೇಲಿನಿಂದ ಬಂಡೆ ಬೀಳುವ ಭಯಕ್ಕೆ ಅದನ್ನು ತೊರೆದರು. ಭಯ ಸುಳ್ಳಲ್ಲ. 1934ರಲ್ಲಿ ಹತ್ತಿರದ ತಾಫ್ಯೋರ್ಡಿಗೆ ಬೆಟ್ಟದ ಒಂದು ಹೋಳೇ ಕುಸಿದು ಎದ್ದ ಅಲೆಯಲ್ಲಿ 40 ಜನ ಹೋದರು. ಈಗಲೂ ಓಕರ್ನೆಸ್ ಎಂಬ ಬೆಟ್ಟದ ಬಿರುಕನ್ನು ಯಂತ್ರಗಳಿಟ್ಟು ಹಗಲು ರಾತ್ರಿ ಕಾಯುತ್ತಾರೆ.

ಆ ಮನೆಗಳ ಬಾಗಿಲು, ಸೂರು ಇನ್ನೂ ಗಟ್ಟಿಯಾಗಿವೆ. ಯಾರೋ ಬಂದು ರಿಪೇರಿ ಮಾಡಿ ಹೋಗುತ್ತಾರೆ ಎಂದು ದೋಣಿಯವರು ಹೇಳಿದಾಗ ನನ್ನ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಊರು ಮುಳುಗುವ ಮುನ್ನ ನಮ್ಮ ಮನೆಯ ಬಾಗಿಲಿನ ಚೌಕಟ್ಟನ್ನು ನಾವೇ ಕಿತ್ತು ಟ್ರಾಕ್ಟರಿಗೆ ಹೇರಿದ್ದು ಅವಳ ಕಣ್ಣಿಗೆ ಬಂದಿರಬೇಕು.

ದಡಕ್ಕೆ ಬಂದ ಮೇಲೆ ಬಗ್ಗಿ ಬೊಗಸೆ ನೀರು ತೆಗೆದು ಬಾಯಿಗೆ ಮುಟ್ಟಿಸಿಕೊಂಡೆ. ಉಪ್ಪು. ಕಡಲಿನಷ್ಟು ಅಲ್ಲ, ಮೇಲ್ಪದರಕ್ಕೆ ಹಿಮದ ನೀರು ಬೆರೆತಿರುತ್ತದೆ. ಆದರೂ ಉಪ್ಪೇ. ಅವಳೂ ಮುಟ್ಟಿ ನೋಡಿ, ‘ನಮ್ಮ ಮನೆ ಸಿಹಿ ನೀರಿನಲ್ಲಿದೆ’ ಎಂದಳು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಾವಿಬ್ಬರೂ ಹಳೇ ಊರಿನ ಕಡೆ ಹೋಗುತ್ತೇವೆ. ನೀವು ಬರೆದಿರುವ ಓಣಿಯ ತಿರುವಿನ ಬೇವಿನ ಮರದ ಬೊಡ್ಡೆ ಹೋದ ವರ್ಷ ಕಾಣುತ್ತಿತ್ತು. ಈ ಸಲ ಹೋಗುವ ಮುನ್ನ ಪತ್ರಿಕೆಯ ಕಚೇರಿಗೆ ತಿಳಿಸುತ್ತೇನೆ. ಬರುವುದಾದರೆ ನಿಮ್ಮನ್ನು ಮನೆಯಿಂದಲೇ ಕರೆದುಕೊಂಡು ಹೋಗುತ್ತೇನೆ.